ಕಾಯಿ ಹಾಕದ ಸಾರು

ಮೊನ್ನೆ ತುರುವೇಕೆರೆ ಕಡೆಯ ಹೆಣ್ಣುಮಗಳೊಬ್ಬಳು ನಮ್ಮ ಮನೆ ಹುಡುಕಿಕೊಂಡು ಬಂದಿದ್ದಳು. ಅವಳಿಗೂ ನನಗೆ ಬಂದಿದ್ದಂಥದೇ ಕಾಯಿಲೆ, ಹೋಗಬೇಕಾದದ್ದೂ ಬೆಂಗಳೂರಿನ ಅದೇ ಆಸ್ಪತ್ರೆಗೆ. ಯಾವ ಡಾಕ್ಟರು ಒಳ್ಳೆಯವರು, ಸೂಜಿ ಎಷ್ಟು ನೋಯುತ್ತದೆ, ಕೂದಲು ಮತ್ತೆ ಬರುತ್ತದೋ ಇಲ್ಲವೋ ಎಂದೆಲ್ಲ ಕೇಳುತ್ತಾಳೆಂದು ನಾನು ಉತ್ತರ ಸಿದ್ಧಮಾಡಿಕೊಂಡು ಕೂತಿದ್ದರೆ, ಅವಳು ಸೆರಗಿನ ತುದಿ ತಿರುಚುತ್ತಾ ಕೇಳಿದ್ದು ಒಂದೇ ಮಾತು: "ಅಕ್ಕಾ, ಆವಾಗ ನಿಮ್ಗೆ ಊಟ ಸೇರ್ತಿತ್ತಾ? ಏನ್ ಉಣ್ತಿದ್ರಿ?"

ಎಷ್ಟೋ ಜನ ನನ್ನ ಕಾಯಿಲೆಯ ಬಗ್ಗೆ ಏನೇನೋ ಕೇಳಿದ್ದಾರೆ. ಇದನ್ನು ಕೇಳಿದವಳು ಇವಳೊಬ್ಬಳೇ. ಅವತ್ತು ಅವಳಿಗೆ ಬಸ್ಸಿಗೆ ಹೊತ್ತಾಗಿತ್ತು, ಅರ್ಧಂಬರ್ಧ ಹೇಳಿ ಕಳಿಸಿದೆ. ಪೂರ್ತಿ ಹೇಳಬೇಕೆಂದರೆ ನಮ್ಮ ಅತ್ತೆಯ ವಿಷಯ ಹೇಳಬೇಕು. ಅದು ಬಸ್ಸು ಬರುವಷ್ಟರಲ್ಲಿ ಮುಗಿಯುವಂಥದಲ್ಲ.

ನಾನು ನೊಣವಿನಕೆರೆ ಹತ್ತಿರದ ಒಂದು ಹಳ್ಳಿಯಲ್ಲಿ ಪ್ರೈಮರಿ ಸ್ಕೂಲ್ ಟೀಚರು. ಯಜಮಾನರು ತೋಟ ನೋಡಿಕೊಳ್ಳುತ್ತಾರೆ. ಇದೆಲ್ಲ ನಡೆದಾಗ ಮಗಳು ಉಮಾ ಮೂರನೇ ಕ್ಲಾಸು, ನನ್ನ ಶಾಲೆಯಲ್ಲೇ ಓದುತ್ತಿದ್ದಳು. ಅತ್ತೆ ಸಿದ್ದಮ್ಮನವರು ಮನೆಗೆ ಹಿರಿಯರು. ಅಡುಗೆಮನೆಯ ಒಲೆ, ಅಟ್ಟದ ಏಣಿ, ಎರಡೂ ಅವರ ಕೈಯಲ್ಲೇ ಇದ್ದವು. ಅಟ್ಟವೆಂದರೆ ನಮ್ಮ ಸೀಮೆಯಲ್ಲಿ ಹಳೇ ಪಾತ್ರೆ ಪಗಡ ಒಟ್ಟುವ ಜಾಗವಲ್ಲ. ಬಲಿತ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ವರ್ಷದ ಹತ್ತಿರ ಮುಟ್ಟದೆ ಬಿಟ್ಟರೆ, ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ನಡುವೆ ಎತ್ತಿ ಇಳಿಸಿ ಮಾಡಿದರೆ ಕೆಟ್ಟುಹೋಗುತ್ತದೆ. ಹಾಗಾಗಿ ಬೆಕ್ಕು ಅಟ್ಟ ಹತ್ತಿದರೂ ಅತ್ತೆ ಕೋಲು ಹಿಡಿದು ನಿಲ್ಲುತ್ತಿದ್ದರು. ಆ ಅಟ್ಟದ ಕೆಳಗಿನ ನಡುಕೋಣೆಯಲ್ಲಿಯೇ ನಾವು ಮಲಗುತ್ತಿದ್ದದ್ದು.

ಎಂಬತ್ತರ ದಶಕ ಶುರುವಾದ ಹೊಸತು. ಕಿವಿಯ ಕೆಳಗೆ, ಕತ್ತಿನ ಪಕ್ಕದಲ್ಲಿ ಒಂದು ಗಂಟು ಕೈಗೆ ಸಿಕ್ಕಿತು. ನೋವಿಲ್ಲ, ಉರಿಯಿಲ್ಲ. ತಿಪಟೂರಿನಲ್ಲಿ ತೋರಿಸಿದಾಗ ಗಂಟಿನ ಕ್ಷಯ ಇರಬಹುದೆಂದು ಮಾತ್ರೆ ಕೊಟ್ಟರು. ಗಂಟು ಕರಗಲಿಲ್ಲ, ನಾನು ಕರಗಿದೆ. ರವಿಕೆಗಳೆಲ್ಲ ಸಡಿಲವಾದವು, ಸಂಜೆಯಾದರೆ ಜ್ವರ, ಬೆಳಗಾಗುವಷ್ಟರಲ್ಲಿ ಹಾಸಿಗೆ ತೊಯ್ಯುವಷ್ಟು ಬೆವರು. ಕೊನೆಗೆ ಅದೇ ಡಾಕ್ಟರು ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಚೀಟಿ ಬರೆದುಕೊಟ್ಟರು.

ಅಲ್ಲಿ ಗಂಟಿನ ಒಂದು ಚೂರು ಕತ್ತರಿಸಿ ತೆಗೆದುಕೊಂಡು ಕಳಿಸಿದರು. ಮತ್ತೆ ಹೋದಾಗ ನನ್ನನ್ನು ಬೆಂಚಿನ ಮೇಲೆ ಕೂರಿಸಿ ಯಜಮಾನರನ್ನು ಮಾತ್ರ ಒಳಗೆ ಕರೆದರು. ಹೊರಗೆ ಬಂದಾಗ ಅವರ ಮುಖದಲ್ಲಿ ರಕ್ತ ಇರಲಿಲ್ಲ. ರೈಲು ಹತ್ತಿದ ಮೇಲೆ ಹೇಳಿದರು: "ರಕ್ತದಲ್ಲೇನೋ ದೋಷ ಐತಂತೆ ಕಣೇ. ಇಂಜೆಕ್ಷನ್ ಕೊಟ್ರೆ ಸರಿಹೋಯ್ತದಂತೆ."

"ಹೌದಾ," ಎಂದೆ.

ಪಾಪ, ಅವರು ಮರೆತಿದ್ದದ್ದು ಒಂದನ್ನು. ಆಸ್ಪತ್ರೆಯ ಬಾಗಿಲ ಮೇಲೆ ರೋಗದ ಹೆಸರನ್ನು ಆಳೆತ್ತರದ ಅಕ್ಷರದಲ್ಲಿ ಬರೆದು ಹಾಕಿದ್ದರು. ನಾನು ಹತ್ತಾರು ವರ್ಷದಿಂದ ಊರ ಮಕ್ಕಳಿಗೆ ಅಕ್ಷರ ಕಲಿಸಿದವಳು. ತುಮಕೂರು ದಾಟಿದ ಮೇಲೆ ಮೆಲ್ಲಗೆ ಹೇಳಿದೆ: "ಬೋರ್ಡು ಓದಿದೀನಿ ರೀ." ಅವರು ಕಿಟಕಿಯ ಕಡೆ ತಿರುಗಿಕೊಂಡರು. ತಿಪಟೂರು ಬರುವವರೆಗೂ ಈ ಕಡೆ ನೋಡಲಿಲ್ಲ.

ಆ ಸಂಜೆ ನನಗೆ ಹತ್ತಿದ ಭಯವನ್ನು ಸುತ್ತಿ ಬಳಸಿ ಹೇಳುವುದಿಲ್ಲ. ಸಾಯುತ್ತೇನೆ ಎಂದು ಗಟ್ಟಿಯಾಗಿ ಅನ್ನಿಸಿತು. ಉಮಾ ಜಗಲಿಯ ಮೇಲೆ ಮಗ್ಗಿ ಬಾಯಿಪಾಠ ಮಾಡುತ್ತಿದ್ದಳು. ಅವಳಿಗೆ ಎಂಟರ ಮಗ್ಗಿ ಯಾವಾಗಲೂ ತಪ್ಪುತ್ತಿತ್ತು. ಇದನ್ನು ಇನ್ನು ಯಾರು ತಿದ್ದುತ್ತಾರೆ ಎಂಬ ಒಂದೇ ಯೋಚನೆ ಹಿಡಿದುಕೊಂಡಿತು. ಅತ್ತೆ ಮಗನ ಬಾಯಿಂದ ಎಲ್ಲ ಕೇಳಿಸಿಕೊಂಡರು. ಅಳಲಿಲ್ಲ, ದೇವರನ್ನು ಬೈಯಲಿಲ್ಲ. ಪೂಜೆ ಮುಗಿಸಿ ಬಂದು ನನ್ನ ಹಣೆಗೆ ವಿಭೂತಿ ಹಚ್ಚಿ, "ಹೋಗೋದು ಬರೋದು ತಾನೇ? ಹೋಗಿ ಬಾ. ಒಲೆ ನಾನು ನೋಡ್ಕಂತೀನಿ," ಎಂದರು.

ಚಿಕಿತ್ಸೆಯ ವಿವರ ಬೇಡ, ಅದನ್ನು ಡಾಕ್ಟರುಗಳು ಹೇಳುತ್ತಾರೆ. ನಮಗೆ ಗೊತ್ತಿದ್ದದ್ದು ಇಷ್ಟು. ತಿಂಗಳಿಗೆ ಎರಡು ಸಲ ರೈಲು ಹತ್ತಬೇಕು, ನರಕ್ಕೆ ಸೂಜಿ ಹಾಕಿಸಿಕೊಳ್ಳಬೇಕು, ಮನೆಗೆ ಬಂದು ಮಾತ್ರೆ ನುಂಗಬೇಕು, ವಾಂತಿ ಮಾಡಿಕೊಳ್ಳಬೇಕು. ಸೂಜಿ ಹಾಕುವ ಮೊದಲು ಬೆರಳು ಚುಚ್ಚಿ ರಕ್ತ ನೋಡುತ್ತಿದ್ದರು, ತೂಕದ ಮೆಷಿನ್ನಿನ ಮೇಲೆ ನಿಲ್ಲಿಸುತ್ತಿದ್ದರು. ಎರಡೂ ಸರಿಯಿದ್ದರೆ ಮಾತ್ರ ಒಳಗೆ. ಇಲ್ಲದಿದ್ದರೆ ಬಂದ ದಾರಿ ಹಿಡಿದು ಹಿಂದಕ್ಕೆ. ಆ ಹಜಾರದಲ್ಲಿ ಕೂತವರಿಗೆಲ್ಲ ಆ ಮೆಷಿನ್ನಿನ ಮುಳ್ಳಿನ ಮೇಲೇ ಕಣ್ಣು. ಹೊಸದುರ್ಗದ ಕಡೆಯ ರತ್ನಮ್ಮ ಎಂಬ ಹೆಂಗಸು ನನಗೆ ಅಲ್ಲಿಯೇ ಪರಿಚಯ. ಅಣ್ಣನ ಜೊತೆ ಬರುತ್ತಿದ್ದಳು. ಸೆರಗಿನಲ್ಲಿ ನಿಂಬೆಹಣ್ಣು ಕಟ್ಟಿಕೊಂಡು ಬಂದು, ಉಗುರಿನಿಂದ ಗೀರಿ ಮೂಸುತ್ತಾ, "ತಗಳಿ ಟೀಚ್ರೇ, ನೀವೂ ಒಸಿ ಮೂಸಿ," ಎಂದು ನನ್ನ ಕೈಗೆ ದಾಟಿಸುತ್ತಿದ್ದಳು. ಎಷ್ಟು ಹೊತ್ತಾದರೂ ಒಂದೇ ಹಣ್ಣು ನಮ್ಮಿಬ್ಬರ ನಡುವೆ ಓಡಾಡುತ್ತಿತ್ತು.

ಎರಡನೇ ಸಲದ ಸೂಜಿಯ ನಂತರ ಕೂದಲು ಹೋಯಿತು. ಮೂರನೆಯದರ ನಂತರ ತೆಂಗು ಹೋಯಿತು.

ಹೇಗೆ ಹೇಳಲಿ ಇದನ್ನು? ಒಂದು ಬೆಳಿಗ್ಗೆ ಅತ್ತೆ ಒಳಕಲ್ಲಿನಲ್ಲಿ ಚಟ್ನಿಗೆ ಕಾಯಿ ರುಬ್ಬುತ್ತಿದ್ದರು. ಹುಟ್ಟಿದಾಗಿನಿಂದ ಮೂಗಿಗೆ ಗೊತ್ತಿದ್ದ ವಾಸನೆ. ಅದು ಅವತ್ತು ಹೆಣದ ವಾಸನೆಯಂತೆ ನುಗ್ಗಿತು. ಹಿತ್ತಲಿಗೆ ಓಡಿ ಕಕ್ಕಿದೆ. ಅಲ್ಲಿಂದ ಶುರುವಾಗಿದ್ದು ನಿಲ್ಲಲಿಲ್ಲ. ಬೇರೆ ಸೀಮೆಯವರಾದರೆ ಹೇಗೋ ತಪ್ಪಿಸಿಕೊಳ್ಳಬಹುದಿತ್ತು. ನಾನು ಎಲ್ಲಿಗೆ ಹೋಗಲಿ? ಹಂಡೆಯ ಕೆಳಗೆ ಉರಿಯುವುದು ಕಾಯಿಮಟ್ಟೆ, ಒಲೆಯಲ್ಲಿ ಉರಿಯುವುದು ಚಿಪ್ಪು. ಸಾರಿಗೆ ಕಾಯಿ, ಪಲ್ಯಕ್ಕೆ ಕಾಯಿ, ದೀಪಕ್ಕೆ ಕೊಬ್ಬರಿ ಎಣ್ಣೆ, ಎಲ್ಲರ ತಲೆಗೂ ಅದೇ ಎಣ್ಣೆ. ಮಲಗಿದರೆ ನೆತ್ತಿಯ ಮೇಲೆ ಅಟ್ಟದ ತುಂಬ ಕಾಯಿ. ಬಿಸಿಲೇರಿದರೆ ಅದರಿಂದ ಜಿಡ್ಡು ಜಿಡ್ಡಾದ ಒಂದು ಹುಳಿ ವಾಸನೆ ಇಳಿಯುತ್ತಿತ್ತು.

ಅದಕ್ಕಿಂತ ಕಷ್ಟ, ನೋಡಲು ಬರುವವರದು. ನಮ್ಮಲ್ಲಿ ಕಾಯಿಲೆಯವರನ್ನು ಬರಿಗೈಯಲ್ಲಿ ನೋಡಬಾರದು. ತಂಪಿಗೆ ಎಳನೀರು, ಶಕ್ತಿಗೆ ಕೊಬ್ಬರಿ ಬೆಲ್ಲ, ಬಾಯಿರುಚಿಗೆ ಕೊಬ್ಬರಿ ಮಿಠಾಯಿ. ನಾನು ವಾಂತಿ ಮಾಡಿಕೊಳ್ಳುತ್ತೇನೆಂಬ ಸುದ್ದಿ ಹಬ್ಬಿದಷ್ಟೂ ಕೊಬ್ಬರಿ ಹೆಚ್ಚು ಬಂತು. ಅವರ ಪ್ರೀತಿಯಲ್ಲಿ ಯಾವ ಕೊರತೆಯೂ ಇರಲಿಲ್ಲ, ಅದೇ ನನಗೆ ಗ್ರಹಚಾರವಾಗಿತ್ತು. ತೆಂಗು ತರದೆ ಬಂದವರು ಒಬ್ಬರೇ, ಶಾಲೆಯ ಯೂನಿಫಾರಂ ಹೊಲಿಯುವ ದರ್ಜಿ ಸಾಬರ ಹೆಂಡತಿ ಜೈನಬಿ. ಅವರು ಕಾಗದದಲ್ಲಿ ಸುತ್ತಿಕೊಂಡು ತಂದದ್ದು ಎರಡು ಹತ್ತಿ ಬಟ್ಟೆಯ ಟೋಪಿ. "ನೆತ್ತಿಗೆ ಒತ್ಬಾರ್ದು ಅಂತ ನಮ್ಮೋರು ಒಳಗಡೆ ಹಳೇ ಪಂಚೆ ಬಟ್ಟೆ ಕೊಟ್ಟವ್ರೆ ಮೇಡಂ, ಹಾಕ್ಕೊಂಡು ನೋಡಿ," ಎಂದರು. ಹಾಕಿಕೊಂಡೆ. ಅವರು ಹೋದಮೇಲೂ ತೆಗೆಯಲಿಲ್ಲ. ಆ ಟೋಪಿಯ ಮೇಲೆ ಸೆರಗು ಹೊದ್ದು ಬಸ್ಸು ಹತ್ತಿದಾಗ ಕಂಡಕ್ಟರು ಕೇಳಿದ: "ಮುಡಿ ಕೊಟ್ಟು ಬಂದ್ರಾ ಮೇಡಂ? ಯಾವ ದೇವ್ರಿಗೆ?" "ಬೆಂಗಳೂರಲ್ಲಿರೋ ದೇವ್ರಿಗೆ," ಎಂದೆ. "ಒಳ್ಳೇದಾಯ್ತದೆ ಬುಡಿ," ಎಂದು ಟಿಕೆಟ್ ಹರಿದುಕೊಟ್ಟ. ಅವನ ಹಾರೈಕೆ ಅವತ್ತು ನಿಜವಾಗಿಯೂ ಹಿತವೆನಿಸಿತು.

ಆದರೆ ಮನೆಯೊಳಗೆ ನಾನು ಉಣ್ಣುತ್ತಿರಲಿಲ್ಲ. ಅತ್ತೆಗೆ ಕೈಮುಗಿದು ಹೇಳಿದೆ, ನನಗೆ ಮಾತ್ರ ಕಾಯಿ ಹಾಕದೆ ಏನಾದರೂ ಮಾಡಿ ಎಂದು. ಅವರಿಗೆ ಅದು ಬಹಳ ನೋವಾಯಿತು.

"ಕಾಯಿಲ್ದೆ ಸಾರಾ? ಮನೆ ತುಂಬ ಕಾಯಿ ಮಡಿಕ್ಕಂಡು ಸೊಸೆಗೆ ಬರೀ ನೀರು ಕಾಯ್ಸಿ ಹಾಕ್ತಾಳೆ ಅಂತ ಜನ ನನ್ನ ಬಾಯಿಗೆ ಬಂದಂಗೆ ಆಡ್ಕಳಲ್ವಾ? ಶಕ್ತಿ ಎಲ್ಲಿಂದ ಬತ್ತದೆ ನಿಂಗೆ?"

"ವಾಂತಿಯಾದ್ರೆ ಶಕ್ತಿ ಉಳಿಯುತ್ತಾ ಅತ್ತೆ?"

"ಆಯ್ತು ಬುಡು, ಹಾಕಲ್ಲ," ಎಂದರು.

ಮಾರನೇ ದಿನದಿಂದ ಕಾಯಿಯ ಚೂರೂ ಕಾಣದ ಗಂಜಿ, ತಿಳಿಸಾರು ಬಂದವು. ನೋಡಲು ಸರಿಯಾಗಿಯೇ ಇದ್ದವು. ಎರಡನೇ ತುತ್ತಿಗೆ ಅದೇ ವಾಸನೆ. ಹಾಕಿಲ್ಲವೆಂದು ಅತ್ತೆ ಹೇಳುತ್ತಿದ್ದರು, ತಟ್ಟೆಯಲ್ಲಿಯೂ ಕಾಣುತ್ತಿರಲಿಲ್ಲ. ಮೂಗೇ ಕೆಟ್ಟಿದೆ, ಇನ್ನು ಯಾವ ಊಟವೂ ನನಗೆ ಹೀಗೆಯೇ ನಾರುತ್ತದೆ ಎಂದು ನಂಬಿಬಿಟ್ಟೆ. ಆಮೇಲೆ ತಟ್ಟೆ ಕಂಡರೇ ಹೆದರಿಕೆಯಾಗತೊಡಗಿತು. ಎರಡು ತುತ್ತು ನುಂಗಿದಂತೆ ಮಾಡಿ ಉಳಿದದ್ದನ್ನು ಹಿತ್ತಲ ನಾಯಿಗೆ ಹಾಕುತ್ತಿದ್ದೆ.

ಮುಂದಿನ ಸಲ ಆಸ್ಪತ್ರೆಯಲ್ಲಿ ಮೆಷಿನ್ನಿನ ಮುಳ್ಳು ನೋಡಿ ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ರಕ್ತದ ಚೀಟಿಯನ್ನೂ ನೋಡಿದರು. "ನೋಡಮ್ಮ, ಔಷಧಿ ಕೆಲಸ ಮಾಡ್ತಾ ಇದೆ. ಗಂಟು ಇಳಿದಿದೆ. ಆದ್ರೆ ನೀವು ಊಟ ಮಾಡ್ತಿಲ್ಲ. ಈ ಮೈಗೆ ನಾನು ಇವತ್ತು ಸೂಜಿ ಹಾಕಿದ್ರೆ ತಡೆಯಲ್ಲ. ಹಾಕದೆ ಬಿಟ್ಟು ಬಿಟ್ಟು ಕೂತ್ರೆ ಗಂಟು ವಾಪಸ್ ಬರತ್ತೆ. ಏನಾದ್ರೂ ಮಾಡಿ, ಮೈಗೆ ಅನ್ನ ಹತ್ತಿಸಿಕೊಂಡು ಬನ್ನಿ," ಎಂದರು. ನಾನು ಮತ್ತು ಯಜಮಾನರು ಸೂಜಿ ಹಾಕಿಸದೆ ಹಿಂತಿರುಗಿದೆವು. ಸೂಜಿ ಎಂದರೆ ನಡುಗುತ್ತಿದ್ದವಳು ಅವತ್ತು ಅದು ಸಿಗಲಿಲ್ಲವೆಂದು ರೈಲಿನಲ್ಲಿ ಅತ್ತುಬಿಟ್ಟೆ.

ಮನೆಗೆ ಬಂದು ಯಜಮಾನರು ಡಾಕ್ಟರು ಹೇಳಿದ್ದನ್ನು ಒಂದಕ್ಷರ ಬಿಡದೆ ಅವರ ತಾಯಿಗೆ ಹೇಳಿದರು. ಅತ್ತೆ ಕಂಬ ಹಿಡಿದು ನಿಂತು ಕೇಳಿದರು. ಆಮೇಲೆ ನೆಲ ನೋಡುತ್ತಾ, "ನಾನು ಹಾಕ್ತಿದ್ದೆ ಕಣೋ," ಎಂದರು. "ಹಾಲು ಹಿಂಡಿ, ಬಟ್ಟೇಲಿ ಸೋಸಿ, ಗಂಜಿಗೆ ಬೆರೆಸ್ತಿದ್ದೆ. ಕಾಣ್ದಿದ್ರೆ ಸೇರ್ತದೆ ಅನ್ಕಂಡೆ. ಒಂದು ಹನಿಯಾದ್ರೂ ಒಳಗೋಗ್ಲಿ, ಜೀವ ಹಿಡೀಲಿ ಅಂತ."

ನನಗೆ ಎಲ್ಲಿತ್ತೋ ಅಷ್ಟು ಸಿಟ್ಟು. ಮದುವೆಯಾಗಿ ಬಂದಾಗಿನಿಂದ ಅವರೆದುರು ದನಿ ಎತ್ತದವಳು ಕಿರುಚಿದೆ: "ನನ್ನನ್ನ ನಿಮ್ ಕೈಯಾರೆ ಸಾಯಿಸ್ತಿದ್ರಲ್ಲ ಅತ್ತೆ! ನನ್ನ ಮೂಗೇ ಕೆಟ್ಟದೆ ಅಂತ ನಾನು ಊಟಾನೇ ಬಿಟ್ಟೆ!" ಅವರು ಹಿತ್ತಲಿಗೆ ಹೋದರು. ಕಲ್ಲಿನ ಮೇಲೆ ಕೂತಿರುವುದು ಕಾಣುತ್ತಿತ್ತು. ಉಮಾ ಹೋಗಿ ಕರೆದರೂ ದೀಪ ಹಚ್ಚುವವರೆಗೆ ಒಳಗೆ ಬರಲಿಲ್ಲ.

ಬೆಳಿಗ್ಗೆ ನಾನು ಎದ್ದಾಗ ನಡುಕೋಣೆಗೆ ಏಣಿ ಬಂದಿತ್ತು. ಯಜಮಾನರು ಏಣಿಯ ಬುಡದಲ್ಲಿ ನಿಂತು ವಾದ ಮಾಡುತ್ತಿದ್ದರು.

"ಅವ್ವ, ಇನ್ನೂ ನೀರೇ ಇಂಗಿಲ್ಲ. ಈಗ ಇಳಿಸಿದ್ರೆ ಅಷ್ಟೂ ಕೆಟ್ಟೋಯ್ತದೆ."

"ಕೆಡ್ಲಿ."

"ವರ್ಸದ ಬೆಳೆ ಕಣವ್ವ."

"ಕೊಬ್ರಿ ಮುಂದಿನ ವರ್ಸಾನೂ ಆಯ್ತದೆ ಕಣ್ಲಾ. ಹತ್ತು ಮೇಲಕ್ಕೆ. ಇವ್ಳು ಇಲ್ಲಿ ಮಲಗ್ಬೇಕು, ಉಸಿರಾಡ್ಬೇಕು."

ನನ್ನನ್ನು ಜಗಲಿಯ ಚಾಪೆಯ ಮೇಲೆ ಕೂರಿಸಿದರು. ತೋಟದ ಆಳುಗಳು ಬಂದರು. ಕಾಯಿ ಒಂದೊಂದಾಗಿ ಕೈಯಿಂದ ಕೈಗೆ ಇಳಿದು ಕೊಟ್ಟಿಗೆಯ ಆಚೆ ಹೋಯಿತು. ಅಲ್ಲಾಡಿದಾಗ ಒಳಗೆ ನೀರು ಕುಲುಕುವ ಸದ್ದು ನನಗೆ ಜಗಲಿಯವರೆಗೂ ಕೇಳಿಸುತ್ತಿತ್ತು. ಆ ಸದ್ದು ಕೇಳಿದರೆ ನಮ್ಮ ಸೀಮೆಯ ಯಾರಿಗೇ ಆದರೂ ವರ್ಷದ ಬೆಳೆ ಕೈಬಿಟ್ಟಿತೆಂದು ಗೊತ್ತಾಗುತ್ತದೆ. ಅತ್ತೆ ಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು. ಒಂದು ಕಾಯಿಯನ್ನೂ ಮುಟ್ಟಿ ನೋಡಲಿಲ್ಲ.

ಕಾಯಿ ಹೋದರೂ ವಾಸನೆ ಹೋಗಲಿಲ್ಲ. ಅಟ್ಟಕ್ಕೆ ಹಾಸಿದ್ದ ಹಲಗೆ, ಬಿದಿರಿನ ದಬ್ಬೆ ಎಲ್ಲಕ್ಕೂ ಹಿಡಿದುಕೊಂಡಿತ್ತು. ಅವುಗಳನ್ನೂ ಕಿತ್ತರು. ಆ ಕೋಣೆಗೆ ಕಿಟಕಿ ಇರಲಿಲ್ಲ. ಕೊಬ್ಬರಿಗೆ ಗಾಳಿ ಬೆಳಕು ಯಾಕೆ ಎಂದು ಹಿಂದಿನವರು ಇಟ್ಟಿರಲಿಲ್ಲವೋ ಏನೋ. "ಒಂದು ಕಿಟಕಿ ಇಟ್ಟುಬುಡಾನ," ಎಂದು ಯಜಮಾನರು ಹೇಳಿದಾಗ ನನಗೆ ನಗು ಬಂತು. ನಮ್ಮವರು ಒಳ್ಳೆಯ ಮನುಷ್ಯರು, ಆದರೆ ಕೈಗೆತ್ತಿಕೊಂಡ ರಿಪೇರಿಯನ್ನು ಮುಗಿಸಿದ ಇತಿಹಾಸವಿಲ್ಲ. ಬಚ್ಚಲ ಬಾಗಿಲು ಅವರ ಕೈಯಲ್ಲಿ ಒಂದು ವರ್ಷ ಗೋಣಿತಾಟಿನಲ್ಲಿ ಕಳೆದಿತ್ತು. ಮಣ್ಣಿನ ಗೋಡೆಯನ್ನು ಒಡೆಯಲು ಶುರುಮಾಡಿದವರು ಬೇಕಾದ್ದಕ್ಕಿಂತ ದೊಡ್ಡ ಕಂಡಿ ಮಾಡಿದರು. ಚೌಕಟ್ಟು ಸಣ್ಣದಾಯಿತು. ಸುತ್ತ ಕಲ್ಲು, ಮಣ್ಣು ಮೆತ್ತಿ ತುಂಬಿಸಿದರು. ಚೌಕಟ್ಟು ಒಂದು ಕಡೆ ವಾಲಿತು. ಸುತ್ತಿಗೆ ಕೆಳಗಿಡುತ್ತಾರೆಂದು ನಾನು ಕಾಯುತ್ತಿದ್ದೆ. ಇಡಲಿಲ್ಲ. ನಾನು ಕುರ್ಚಿಯಲ್ಲಿ ಕೂತು ಕಲ್ಲು ಕಟ್ಟಿದ ನೂಲು ಇಳಿಬಿಟ್ಟು, "ಇನ್ನೂ ಈ ಕಡೆಗೆ ರೀ, ಇನ್ನೂ ಒಂಚೂರು," ಎನ್ನುತ್ತಿದ್ದೆ. ಆ ಕಿಟಕಿ ಇವತ್ತಿಗೂ ಸ್ವಲ್ಪ ವಾಲಿಯೇ ಇದೆ. ಆದರೆ ಮುಗಿಸಿದರು.

ಗೋಡೆಗೆ ಸುಣ್ಣ ಬಳಿಯುವುದು ಬಂತು. ನನಗೂ ಏನಾದರೂ ಕೊಡಿ ಎಂದೆ. ಕೈಗೆ ಗಾಯವಾದರೆ ಮಾಯುವುದಿಲ್ಲವೆಂದು ಡಾಕ್ಟರು ಹೆದರಿಸಿದ್ದರು, ಸುಣ್ಣ ಕೈ ತಿನ್ನುತ್ತದೆ. ಹಾಗಾಗಿ ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ ಬಳಿಯುವ ಕೆಲಸ ನನ್ನ ಪಾಲಿಗೆ ಬಂತು. ಮಣೆಯ ಮೇಲೆ ಕೂತು, ಬಟ್ಟೆ ಅದ್ದಿ, ಒಂದು ಗೇಣಿನಷ್ಟು ಎಳೆದರೆ ಸಾಕು, ಸುಸ್ತು. ಮತ್ತೆ ಗೋಡೆಗೆ ಒರಗಿ ಕೂರುವುದು. ಕೆಲವು ದಿನ ಅದೂ ಆಗುತ್ತಿರಲಿಲ್ಲ. ಮೂಲೆಯಿಂದ ಮೂಲೆಗೆ ಆ ಕೆಂಪು ಪಟ್ಟಿ ಇಷ್ಟಿಷ್ಟೇ ಮುಂದೆ ಹೋಗುತ್ತಿತ್ತು. ಅರ್ಧಕ್ಕೆ ಬಿಟ್ಟು ಸತ್ತರೆ ಬಂದವರೆಲ್ಲ ನೋಡುತ್ತಾರಲ್ಲ, ಟೀಚರಮ್ಮನ ಕೈಯಲ್ಲಿ ಒಂದು ಗೆರೆಯೂ ಮುಗಿಯಲಿಲ್ಲ ಎನ್ನುತ್ತಾರಲ್ಲ ಎಂಬ ಹಟ ಹುಟ್ಟಿತು. ಕಾಯಿಲೆ ಬಂದ ಮೇಲೆ ನನಗೆ ನಾಳೆಯ ಕೆಲಸವೊಂದು ಸಿಕ್ಕಿದ್ದು ಅದೇ ಮೊದಲು.

ಅಷ್ಟರಲ್ಲಿ ಅಡುಗೆಮನೆಯೂ ಬದಲಾಗಿತ್ತು. ಒಲೆಗೆ ಜಾಲಿಯ ಸೌದೆ ಬಂತು, ದೀಪಕ್ಕೆ ಹರಳೆಣ್ಣೆ. ಅತ್ತೆ ಒಂದು ಮಡಕೆಯಲ್ಲಿ ಹುರುಳಿಕಾಳು ಬೇಯಿಸಿ, ಕಟ್ಟು ಬಸಿದು, ಉಪ್ಪು, ಜಜ್ಜಿದ ಬೆಳ್ಳುಳ್ಳಿ, ಚಿಟಿಕೆ ಜೀರಿಗೆ ಹಾಕಿ ಕುದಿಸಿ ತಂದರು. ಬಾಯೆಲ್ಲ ಹುಣ್ಣಾಗಿತ್ತೆಂದು ಖಾರ ಹಾಕಿರಲಿಲ್ಲ. ಒಂದು ಸಣ್ಣ ಮುದ್ದೆ. ನಾನು ಮೂಗು ಮುಚ್ಚಿಕೊಂಡೇ ಒಂದು ತುತ್ತು ನುಂಗಿದೆ. ಕಾದೆ. ಏನೂ ಆಗಲಿಲ್ಲ. ಇನ್ನೊಂದು ನುಂಗಿದೆ. ಮಣ್ಣಿನ ಮಡಕೆಯ, ಕಾಳಿನ ವಾಸನೆ ಬಿಟ್ಟರೆ ಬೇರೆ ವಾಸನೆ ಇರಲಿಲ್ಲ. ಮುದ್ದೆ ಮುಗಿಯಿತು. ಅತ್ತೆ ಎದುರಿಗೆ ಕುಕ್ಕರುಗಾಲಲ್ಲಿ ಕೂತು ನನ್ನ ಗಂಟಲನ್ನೇ ನೋಡುತ್ತಿದ್ದರು.

"ಇದನ್ನ ಎಲ್ಲಿ ಕಲಿತ್ರಿ ಅತ್ತೆ? ಒಂದು ದಿನವೂ ಮಾಡಿರಲಿಲ್ವಲ್ಲ?"

"ನಮ್ಮವ್ವನ ಮನೇದು," ಎಂದರು.

ಅತ್ತೆಯ ತವರು ಚಿಕ್ಕನಾಯಕನಹಳ್ಳಿಯಿಂದ ಆಚೆ, ಗುಡ್ಡದ ಕಡೆಯ ಹಳ್ಳಿ. ರಾಗಿ, ಹುರುಳಿ, ಕುರಿ, ಇಷ್ಟೇ ಅಲ್ಲಿನ ಬದುಕು. ತೆಂಗಿನಕಾಯಿ ಒಡೆಯುತ್ತಿದ್ದದ್ದು ಹಬ್ಬಕ್ಕೆ, ಅದೂ ದೇವರಿಗೆ ಒಡೆದದ್ದನ್ನು ಮನೆಮಂದಿಯೆಲ್ಲ ಚೂರು ಚೂರು ಹಂಚಿಕೊಳ್ಳುವುದು. ಇದು ನನಗೆ ಗೊತ್ತಿತ್ತು. ಗೊತ್ತಿಲ್ಲದ್ದನ್ನು ಅವರು ಮುಂದಿನ ದಿನಗಳಲ್ಲಿ, ಒಲೆಯ ಮುಂದೆ ಸೌಟು ತಿರುಗಿಸುತ್ತಾ ಸ್ವಲ್ಪ ಸ್ವಲ್ಪವಾಗಿ ಹೇಳಿದರು.

"ನಾನು ಮದ್ವೆಯಾಗಿ ಬಂದ ಹೊಸ್ತು. ಅಡುಗೆ ಮಾಡು ಅಂದ್ರು. ನಂಗೆ ಗೊತ್ತಿದ್ದ, ಕಾಯಿಲ್ದಿರೋ ಉಪ್ಸಾರು ಮಾಡಿ ಬಡಿಸ್ದೆ. ನಮ್ಮ ನಾದ್ನೀರು ಬಾಯಿಗಿಟ್ಟು ನಕ್ಕಿದ್ದೇ ನಕ್ಕಿದ್ದು. ಗುಡ್ಡ್ ಕಡೆಯೋಳು ಕುರಿ ತೊಳ್ದ ನೀರು ಬಡಿಸವ್ಳೆ ಅಂದ್ರು. ಊರೆಲ್ಲ ಹೇಳ್ಕಂಡು ಬಂದ್ರು ಕಣವ್ವ. ಅವತ್ತಿಂದ ಇನ್ನೊಬ್ರು ಒಂದಿಡಿ ಕಾಯಿ ಹಾಕಿದ್ರೆ ನಾನು ಎಲ್ಡಿಡಿ ಹಾಕ್ದೆ. ತವರಿನ ಸಾರು ಮತ್ತೆ ಒಲೆ ಮೇಲೆ ಮಡಗ್ಲೇ ಇಲ್ಲ."

ಕಾಯಿಯ ಹಾಲು ಸೋಸಿ ಕದ್ದು ಬೆರೆಸಿದ ಆ ಕೈ ಎಷ್ಟು ವರ್ಷದಿಂದ ಹೆದರಿಕೊಂಡಿತ್ತು ಎಂಬುದು ಅವತ್ತು ತಿಳಿಯಿತು. "ನಾಳೆ ಉಪ್ಸಾರು ಮಾಡಿ ಅತ್ತೆ," ಎಂದೆ. ಮಾಡಿದರು. ಆಮೇಲೆ ಹುಚ್ಚೆಳ್ಳು ಚಟ್ನಿ, ಮಜ್ಜಿಗೆ ಬೆರೆಸಿದ ರಾಗಿ ಅಂಬಲಿ, ಸೊಪ್ಪಿನ ಬಸ್ಸಾರು. ನೆನಪು ಮಾಡಿಕೊಂಡು ಮಾಡಿಕೊಂಡು ಒಂದೊಂದನ್ನೇ ತೆಗೆದರು. ಮರೆತದ್ದಿದ್ದರೆ ಕಣ್ಣು ಮುಚ್ಚಿ ಕೂತು, "ನಮ್ಮವ್ವ ಇದಕ್ಕೆ ಏನೋ ಹಾಕೋಳು, ತಡಿ," ಎನ್ನುತ್ತಿದ್ದರು. ಯಜಮಾನರು ಮೊದಮೊದಲು ಸಪ್ಪಗೆ ಉಂಡರು. ಆಮೇಲೆ ಎರಡನೇ ಮುದ್ದೆ ಕೇಳತೊಡಗಿದರು.

ಒಂದು ಸಂಕಟ ಮಾತ್ರ ಉಳಿದಿತ್ತು. ಉಮಾ ಹತ್ತಿರ ಬಂದರೆ ಅವಳ ತಲೆಯ ಎಣ್ಣೆಯ ವಾಸನೆ. ತಡೆದುಕೊಳ್ಳಬೇಕೆಂದುಕೊಂಡರೂ ನನ್ನ ಮುಖ ತಾನೇ ಆಚೆ ತಿರುಗುತ್ತಿತ್ತು. ಮಗುವಿಗೆ ಏನೆಂದು ಹೇಳುವುದು? ಒಂದು ದಿನ ಶಾಲೆಗೆ ಹೋಗುವ ಮೊದಲು ಬಾಗಿಲಲ್ಲಿ ನಿಂತು, "ಅಮ್ಮ, ಈಗ ಬರ್ಲಾ?" ಎಂದಳು. ತಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಯಾರನ್ನೂ ಕೇಳದೆ ತಾನೇ ಸೀಗೆಪುಡಿ ಹಾಕಿ ಉಜ್ಜಿಕೊಂಡಿದ್ದಳು, ಕಣ್ಣು ಕೆಂಪಗಾಗಿದ್ದವು. ಬಾ ಎಂದು ತೊಡೆಯ ಮೇಲೆ ಕೂರಿಸಿಕೊಂಡು ಸಿಕ್ಕು ಬಿಡಿಸಿದೆ. ಎಣ್ಣೆಯಿಲ್ಲದ ಒರಟು ಕೂದಲು, ಬಾಚಣಿಗೆಗೆ ಬರುತ್ತಿರಲಿಲ್ಲ. ನನಗಂತೂ ಜಡೆ ಹೆಣೆದು ಮುಗಿಸುವುದೇ ಬೇಡವಾಗಿತ್ತು.

ಮುಂದಿನ ಸಲ ಮೆಷಿನ್ನಿನ ಮುಳ್ಳು ಸ್ವಲ್ಪ ಮೇಲೆ ಬಂದಿತ್ತು. ಡಾಕ್ಟರಮ್ಮ ನನ್ನನ್ನೂ ಚೀಟಿಯನ್ನೂ ನೋಡಿ, "ಏನ್ ಊಟ ಮಾಡಿದ್ರಿ?" ಎಂದರು. "ಹುರುಳಿಕಟ್ಟು," ಎಂದೆ. "ಬಿಡಬೇಡಿ," ಎಂದು ಸೂಜಿಗೆ ಬರೆದುಕೊಟ್ಟರು. ಬೆಂಚಿಗೆ ಬಂದು ರತ್ನಮ್ಮನನ್ನು ಹುಡುಕಿದೆ. ಅವಳಿಗೂ ಊಟ ಸೇರುತ್ತಿರಲಿಲ್ಲ, ಈ ಕಟ್ಟು ಮಾಡುವ ರೀತಿ ಹೇಳಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದೆ. ಅವಳು ಬಂದಿರಲಿಲ್ಲ. ಅದರ ಮುಂದಿನ ಸಲವೂ ಬರಲಿಲ್ಲ. ಅವಳ ಊರಿನ ಹೆಸರನ್ನು ನಾನು ಸರಿಯಾಗಿ ಕೇಳಿಕೊಂಡಿರಲಿಲ್ಲ. ಆಯಾ ಹತ್ತಿರ ವಿಚಾರಿಸಿದರೆ, "ಕೆಲವ್ರು ಬತ್ತಾರೆ, ಕೆಲವ್ರು ಬರಲ್ಲ ಕಣಮ್ಮ," ಎಂದಳು. ನಾನು ಬದುಕಿದ ಕತೆ ಹೇಳುವಾಗಲೆಲ್ಲ ಅವಳ ಹೆಸರನ್ನೂ ಹೇಳುತ್ತೇನೆ.

ಹೀಗೆ ಹೋಗುತ್ತಾ ಬರುತ್ತಾ, ಒಮ್ಮೆ ಜ್ವರವೆಂದು ಅಲ್ಲೇ ಮಲಗಿ, ಇನ್ನೊಮ್ಮೆ ನರ ಸಿಗದೆ ಎರಡೂ ಕೈ ಚುಚ್ಚಿಸಿಕೊಂಡು, ಕೊನೆಯ ಸೂಜಿಯೂ ಮುಗಿಯಿತು. ಡಾಕ್ಟರಮ್ಮ ಕತ್ತು, ಕಂಕುಳು ಒತ್ತಿ ಒತ್ತಿ ನೋಡಿ, "ಏನೂ ಸಿಗ್ತಿಲ್ಲ. ಹೋಗಿ ಬನ್ನಿ. ಆದ್ರೆ ತೋರಿಸ್ಕೊಳ್ಳೋದು ಬಿಡಬಾರದು," ಎಂದರು. ನಂಬಿಕೆ ಬರಲಿಲ್ಲ. ಊರಿಗೆ ಬಂದಮೇಲೂ ಬೆಳಿಗ್ಗೆ ಎದ್ದರೆ ಕೈ ಮೊದಲು ಕತ್ತಿಗೇ ಹೋಗುತ್ತಿತ್ತು. ಕಾಗದದಲ್ಲಿ ವಾಸಿಯಾಗಿದೆ ಎಂದು ಬರೆದಿದ್ದರೂ ಮೈ ಒಪ್ಪಬೇಕಲ್ಲ.

ಮೈ ಒಪ್ಪಿದ್ದು ಕೆಲವು ತಿಂಗಳ ನಂತರ, ಒಂದು ಸೋಮವಾರ. ಶಾಲೆಗೆ ರಜೆ ಇತ್ತು. ನಡುಕೋಣೆಯಲ್ಲಿ ಕೂತು ಮಕ್ಕಳ ಕಾಪಿ ತಿದ್ದುತ್ತಿದ್ದೆ. ಪಕ್ಕದ ಮನೆಯಲ್ಲಿ ಹೋಳಿಗೆಗೋ ಏನಕ್ಕೋ ಕಾಯಿ ಬೆಲ್ಲ ಕಾಯಿಸುತ್ತಿದ್ದರು, ಕಿಟಕಿಯಲ್ಲಿ ವಾಸನೆ ಬಂತು. ಅಭ್ಯಾಸದಂತೆ ಸೆರಗನ್ನು ಮೂಗಿಗೆ ತಂದೆ. ತಂದವಳು ಹಾಗೆಯೇ ಕೈ ಇಳಿಸಿದೆ. ಬಾಯಲ್ಲಿ ನೀರೂರಿತ್ತು. ನಾನು ಎದ್ದು ನಿಂತೆ. ಮತ್ತೆ ಮತ್ತೆ ಮೂಸಿದೆ. ಅದು ನಮ್ಮಮ್ಮ ಹಬ್ಬಕ್ಕೆ ಮಾಡುತ್ತಿದ್ದ ಹೂರಣದ ವಾಸನೆ, ಬೇರೇನೂ ಅಲ್ಲ. ಬದುಕಿದೆ ಎಂದು ನನಗೆ ಖಾತ್ರಿಯಾದದ್ದು ಆ ಗಳಿಗೆಯಲ್ಲಿ. ಕಿಟಕಿ ಹಿಡಿದುಕೊಂಡು ಎದೆ ಬಿರಿಯುವಷ್ಟು ಅತ್ತುಬಿಟ್ಟೆ.

ಸೋಮವಾರ ಪೂಜೆಗೆ ಒಡೆದ ಕಾಯಿಯ ಹೋಳನ್ನು ನನಗೆ ವಾಸನೆ ತಾಗದಿರಲೆಂದು ಅತ್ತೆ ಹಿತ್ತಲ ಗೂಡಿನಲ್ಲಿ ಮುಚ್ಚಿಡುತ್ತಿದ್ದರು. ಮುಖ ತೊಳೆದುಕೊಂಡು ಅಲ್ಲಿಗೆ ಹೋದೆ. ಸುತ್ತ ಯಾರೂ ಕಾಣಲಿಲ್ಲ. ಉಗುರಿನಲ್ಲಿ ಕಾಯಿ ಕೆರೆದು ಬಾಯಿಗೆ ಹಾಕಿಕೊಂಡೆ. ಸಿಹಿಯಾಗಿತ್ತು. ಇನ್ನೂ ಒಂದಿಷ್ಟು ಕೆರೆದೆ.

ಮಧ್ಯಾಹ್ನ ಊಟಕ್ಕೆ ಕೂತಾಗ ಎಲ್ಲರಿಗೂ ಹೇಳಿಬಿಡಬೇಕೆಂದಿದ್ದೆ. ಅತ್ತೆ ಮಡಕೆ ಇಳಿಸಿ ತಂದರು. ಹೊಗೆಯಿಂದ ಕಣ್ಣು ಒದ್ದೆಯಾಗಿತ್ತು, ಮುಖದಲ್ಲಿ ಒಂದು ಗೆಲುವಿತ್ತು. "ಇವತ್ತು ಸರಿಯಾಗಿ ಬಂದದೆ ನೋಡು. ನಮ್ಮವ್ವ ಏನು ಹಾಕೋಳು ಅಂತ ಇವತ್ತು ನೆನಪಾಯ್ತು. ಒಸಿ ಮೆಂತ್ಯ ಹುರಿದು ಹಾಕೋಳು ಕಣೇ," ಎಂದು ಮುದ್ದೆಯ ಪಕ್ಕಕ್ಕೆ ಸಾರು ಬಿಟ್ಟರು. ಸೌಟು ಹಿಡಿದುಕೊಂಡೇ, ಆಗಾಗ ಕೇಳುತ್ತಿದ್ದಂತೆ ಕೇಳಿದರು: "ವಾಸ್ನೆ ಹೆಂಗೈತೆ ಈಗ? ನಾಳಿಂದ ಒಂಚೂರು ಕಾಯಿ ಹಾಕ್ಲಾ?"

ಹಾಕಿ ಎಂದುಬಿಟ್ಟರೆ ಅವರ ತವರಿನ ಸಾರಿನ ಆ ಮಡಕೆ ಮತ್ತೆ ಮೂಲೆ ಸೇರುತ್ತದೆ.

"ಬೇಡ ಅತ್ತೆ," ಎಂದೆ. "ಇನ್ನೂ ಆಗಲ್ಲ."

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಎಡಗೈಯಲ್ಲಿ ಸೆರಗಿನ ತುದಿ ಹಿಡಿದು, ನನ್ನ ತುಟಿಯ ಮೂಲೆಯಲ್ಲಿ ಅಂಟಿದ್ದ ಕಾಯಿಚೂರನ್ನು ಒರೆಸಿದರು.

"ಸುಳ್ಳು ಹೇಳೋವಷ್ಟು ಗಟ್ಟಿಯಾದೆ ಬುಡು," ಎಂದು ಇನ್ನೊಂದು ಸೌಟು ಸಾರು ಬಿಟ್ಟರು. "ಉಣ್ಣು."